ಕಣ್ಣಿಗೆ ಚಂದ, ಕಾಪಿಗೆ ಕುಂದು

ಟರ್ಮಿನಲ್ಲಿನಲ್ಲಿ ಕನ್ನಡ ಒಡೆದು ಕಾಣುತ್ತದೆ, ಹಾಗಾಗಿ ಅಲ್ಲಿ ಕನ್ನಡ ಪಠ್ಯವನ್ನು ಕಾಪಿ-ಪೇಸ್ಟ್ ಮಾಡುವುದು ವ್ಯರ್ಥ ಎಂದು ಗಣಕ ಬಲ್ಲವರೂ ಹೇಳುತ್ತಾರೆ. ನುಡಿ ತಂತ್ರಾಂಶದ ಫಾಂಟಿನ ಪುಟ ಅಚ್ಚುಕಟ್ಟಾಗಿ ಕಾಣುವುದರಿಂದ ಅದೇ ನಂಬಿಕೆಗೆ ಅರ್ಹ ಎನ್ನುವುದು ಇದರ ಜೋಡಿ ಮಾತು. ಎರಡನ್ನೂ ನಾನು ಒಪ್ಪುವುದಿಲ್ಲ. ಎರಡಕ್ಕೂ ಮೂಲ ಒಂದೇ ತಪ್ಪು: ಪರದೆಯ ಮೇಲಿನ ರೂಪವನ್ನೇ ಪಠ್ಯವೆಂದು ತಿಳಿಯುವುದು.

ಇಂಡಿ ತಾಲ್ಲೂಕಿನ ಹೊರ್ತಿಯ ಹೆಸರನ್ನೇ ನೋಡಿ. ನಾಲಿಗೆಯಲ್ಲಿ ‘ರ’ಕಾರ ಮೊದಲು ಬರುತ್ತದೆ, ಬರವಣಿಗೆಯಲ್ಲಿ ಅರ್ಕಾವತ್ತು ‘ತಿ’ಯ ಆಚೆಗೆ ಕೂರುತ್ತದೆ. ಯುನಿಕೋಡ್ ನಾಲಿಗೆಯ ಕ್ರಮವನ್ನು ಉಳಿಸುತ್ತದೆ. ನುಡಿಯ ಹಳೆಯ ಫಾಂಟುಗಳು ಕಣ್ಣಿನ ಕ್ರಮ ಹಿಡಿದವು, ಅದೂ ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿ. ಸಿಂದಗಿಯಲ್ಲಾಗಲಿ ಬಸವನ ಬಾಗೇವಾಡಿಯಲ್ಲಾಗಲಿ, ಡಿಟಿಪಿ ಅಂಗಡಿಯ ಲಗ್ನಪತ್ರಿಕೆಗೆ ಅಷ್ಟು ಸಾಕು. ಅದರ ಪಯಣ ಕಾಗದಕ್ಕೆ ಮುಗಿಯುತ್ತದೆ. ಮತ್ತೆ ಹುಡುಕಿ ಬಳಸಬೇಕಾದ ಊರುಗಳ ಪಟ್ಟಿಗೆ ಸಾಲದು. ಅದನ್ನು ಟರ್ಮಿನಲ್ಲಿಗೆ ಪೇಸ್ಟ್ ಮಾಡಿದರೆ ಚಿಹ್ನೆ ಹೊತ್ತ ರೋಮನ್ ಅಕ್ಷರಗಳ ರಾಶಿ ಬೀಳುತ್ತದೆ. ‘ಹೊರ್ತಿ’ ಎಂದು ಹುಡುಕಿದರೆ ಸಿಗುವುದಿಲ್ಲ. ಟರ್ಮಿನಲ್ ಪಠ್ಯವನ್ನು ಕೆಡಿಸಲಿಲ್ಲ, ಕಡತದಲ್ಲಿ ಮೊದಲಿಂದಲೂ ಇದ್ದುದನ್ನೇ ತೋರಿಸಿತು.

ನುಡಿಯ ಮೂಲಕ ಸರ್ಕಾರಿ ಕಚೇರಿಯಿಂದ ಸಣ್ಣ ಅಂಗಡಿಯವರೆಗೆ ಕನ್ನಡ ಟೈಪಿಂಗನ್ನು ಮುಟ್ಟಿಸಿದ ಕನ್ನಡ ಗಣಕ ಪರಿಷತ್ತಿನ ಉಪಕಾರ ದೊಡ್ಡದು. ನುಡಿಯೇ ಈಗ ಯುನಿಕೋಡಿನಲ್ಲಿ ಬರೆಯುತ್ತದೆ. ನನ್ನ ಜಗಳವಿರುವುದು ಹಳೆಯ ಫಾಂಟನ್ನು ಬಿಡದ ರೂಢಿಯೊಂದಿಗೆ.

ಇನ್ನು ಟರ್ಮಿನಲ್ಲಿನ ಮೇಲಿನ ಆರೋಪ. ಅದು ಸಮ ಅಗಲದ ಚೌಕಗಳಲ್ಲಿ ಬರೆಯುತ್ತದೆ. ‘ಮುದ್ದೇಬಿಹಾಳ’ ಎಂಬ ಊರಿನ ಹೆಸರಿನಲ್ಲಿ 11 ಯುನಿಕೋಡ್ ಸಂಕೇತಗಳಿವೆ, ಯುಟಿಎಫ್-8ರಲ್ಲಿ 33 ಬೈಟು. ಅದಕ್ಕೆ ಎಷ್ಟು ಚೌಕ ಬೇಕೆಂಬಲ್ಲಿ ಟರ್ಮಿನಲ್ಲಿಗೂ ಅದರೊಳಗಿನ ಪ್ರೋಗ್ರಾಮಿಗೂ ಹೊಂದಿಕೆಯಾಗದಾಗ ಒತ್ತಕ್ಷರ ಒಡೆಯುತ್ತದೆ, ಕರ್ಸರ್ ಜಾರುತ್ತದೆ. ಆದರೂ ಇಂದಿನ ಒಳ್ಳೆಯ ಟರ್ಮಿನಲ್ಲುಗಳಲ್ಲಿ ಅದೇ ಒಡಕು ಪದವನ್ನು ಕಾಪಿ ಮಾಡಿ ಎಡಿಟರಿಗೆ ಹಾಕಿದರೆ ಸಾಮಾನ್ಯವಾಗಿ 11 ಸಂಕೇತಗಳೂ ಕ್ರಮ ತಪ್ಪದೆ ಬರುತ್ತವೆ. ಕೆಟ್ಟದ್ದು ನೋಟ ಮಾತ್ರ.

ಎದುರಾಳಿಯ ಬಳಿಯೂ ಬಲವಾದ ಮಾತಿದೆ. ವಿಂಡೋಗಳಿಲ್ಲದ ಬರಿಯ ಲಿನಕ್ಸ್ ಕನ್ಸೋಲಿನ ಫಾಂಟಿಗೆ 512 ಆಕೃತಿಗಳ ಮಿತಿ. ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಟಿಮಕ್ಸ್‌ನಲ್ಲಿ ಪರದೆ ಸೀಳಿಕೊಂಡು, ಟರ್ಮಿನಲ್ಲಿನದೇ ಆಯ್ಕೆಯಿಂದ ಮೌಸಿನಲ್ಲಿ ಎಳೆದರೆ ನಡುವಿನ ಗೆರೆಯೂ ಪಕ್ಕದ ಭಾಗದ ಸಾಲೂ ಸೇರಿ ಬರುತ್ತವೆ. ಇವು ನಿಜವಾದ ತೊಂದರೆಗಳೇ. ಆದರೆ ಪರದೆಯನ್ನು ನೆಚ್ಚಿದ್ದಕ್ಕೆ ಬಂದವು. ವಿಂಡೋಗಳಿರುವ ಲಿನಕ್ಸಿನಲ್ಲಿ ಎಕ್ಸ್‌ಕ್ಲಿಪ್ ಅಥವಾ ಡಬ್ಲ್ಯುಎಲ್-ಕಾಪಿ ಆಜ್ಞೆ ಕಡತದ ಪಠ್ಯವನ್ನು ನೇರವಾಗಿ ಕ್ಲಿಪ್‌ಬೋರ್ಡಿಗೆ ಸೇರಿಸುತ್ತದೆ. ದೂರದ ಯಂತ್ರದಲ್ಲಿದ್ದರೆ, ಟರ್ಮಿನಲ್ ಒಪ್ಪಿದಲ್ಲಿ, ಒಎಸ್‌ಸಿ 52 ಎಂಬ ಸಂಜ್ಞೆ ಪಠ್ಯವನ್ನು ನಮ್ಮ ಯಂತ್ರದ ಕ್ಲಿಪ್‌ಬೋರ್ಡಿಗೆ ತಲುಪಿಸುತ್ತದೆ. ಎರಡರಲ್ಲೂ ಪರದೆಯ ಹಂಗಿಲ್ಲ.

ಯುನಿಕೋಡ್ ಬಂದ ಮೇಲೆ ಎಲ್ಲ ಸರಿಹೋಯಿತು ಎನ್ನುವವರಿಗೂ ಒಂದು ಮಾತು. ಮುದ್ದೇಬಿಹಾಳದ ‘ದೇ’ಯ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಎತ್ವ, ದೀರ್ಘ ಎಂದು ಎರಡಾಗಿಯೂ ಇಡಬಹುದು. ಎರಡೂ ಸಮಾನವೆಂದು ಯುನಿಕೋಡ್ ಹೇಳುತ್ತದೆ, ಕಣ್ಣಿಗೂ ವ್ಯತ್ಯಾಸವಿಲ್ಲ. ಬೈಟುಗಳನ್ನು ಹೋಲಿಸುವ ಗ್ರೆಪ್ ಎಂಬ ಹುಡುಕು ಆಜ್ಞೆಗೆ ಮಾತ್ರ ಅವು ಬೇರೆ ಬೇರೆ ಊರು. ಪೇಸ್ಟ್ ಮಾಡಿದ ಪಟ್ಟಿಯನ್ನು ಹುಡುಕುವ ಮೊದಲು ಒಂದೇ ರೂಪಕ್ಕೆ ತರಲೇಬೇಕು.

ಟರ್ಮಿನಲ್ ಬರೆಯುವವರು ಒತ್ತಕ್ಷರವನ್ನು ನೆಟ್ಟಗೆ ತೋರಿಸಲೇಬೇಕೆಂದು ನಾವು ಪಟ್ಟು ಹಿಡಿಯಬೇಕು. ಒಡಕು ಕನ್ನಡಕ್ಕೆ ಒಗ್ಗಿಕೊಳ್ಳುವ ಗರಜು ನಮಗಿಲ್ಲ. ಆದರೆ ಕನ್ನಡ ತಂತ್ರಾಂಶವನ್ನು ಅಳೆಯುವ ಮೊದಲ ಅಳತೆ ಚೆಲುವಾಗಬಾರದು. ಪಠ್ಯವನ್ನು ಇನ್ನೊಂದು ಪ್ರೋಗ್ರಾಮಿಗೆ ಕಳಿಸಿ, ಮರಳಿ ತಂದು, ಸಂಕೇತಕ್ಕೆ ಸಂಕೇತ ತಾಳೆ ನೋಡಬೇಕು. ತಾಲ್ಲೂಕಿನ ಕಂಪ್ಯೂಟರ್ ತರಗತಿಗಳು ಫಾಂಟ್ ಆರಿಸುವುದಕ್ಕಿಂತ ಮೊದಲು ಇದನ್ನು ಕಲಿಸಲಿ.