ಹೆಸರು ತೆಗೆದರೆ ಫೈಲು ಹೋಯಿತೇ?

ಭಟ್ಕಳದಿಂದ ಕುಮಟಾವರೆಗೆ ನಾನು ತಿರುವಿಹಾಕಿದ ಸಿ ಲ್ಯಾಬ್ ರೆಕಾರ್ಡುಗಳಲ್ಲಿ ಒಂದು ಪ್ರೋಗ್ರಾಂ ತಪ್ಪಿದ್ದಿಲ್ಲ: ಪಟ್ಟಿಯಿಂದ ಒಬ್ಬರ ದಾಖಲೆ ತೆಗೆಯುವುದು. ಆ ಒಬ್ಬರನ್ನು ಬಿಟ್ಟು ಉಳಿದವರನ್ನೆಲ್ಲ ತಾತ್ಕಾಲಿಕ ಫೈಲಿಗೆ ಬರೆದು, ಹಳೆಯ ಫೈಲಿಗೆ ‘ರಿಮೂವ್’, ಹೊಸದಕ್ಕೆ ಹಳೆಯ ಹೆಸರಿಡಲು ‘ರಿನೇಮ್’. ಕೊನೆಗೊಂದು ಪ್ರಿಂಟ್‌ಎಫ್: ‘ಅಳಿಸಲಾಗಿದೆ’. ನನ್ನ ತಕರಾರು ಈ ಕೊನೆಯ ಸಾಲಿನ ಮೇಲೆ.

ಓದು ಮುಗಿಸಿದ ಹೊಸತರಲ್ಲಿ ಹೊನ್ನಾವರದ ಅಂಗಡಿಯೊಂದಕ್ಕೆ ಉದ್ರಿ ಲೆಕ್ಕದ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಬಾಕಿ ತೀರಿಸಿ ಹೋದ ಗಿರಾಕಿಯ ಹೆಸರು ಮರುದಿನವೂ ಪಟ್ಟಿಯಲ್ಲಿ! ‘ನಿನ್ನೆನೇ ಕೊಟ್ಟಾಯ್ತಲ್ರಾ’ ಎಂದು ಆತ ಗಲ್ಲೆಯ ಮುಂದೆ ನಿಂತಿದ್ದ. ತಪ್ಪು ನನ್ನದೇ. ಓದಲು ತೆರೆದ ಹಳೆಯ ಫೈಲನ್ನು ಮುಚ್ಚಿರಲಿಲ್ಲ. ತೆರೆದಿರುವ ಫೈಲನ್ನು ಅಳಿಸಲು ವಿಂಡೋಸ್ ಬಿಡಲಿಲ್ಲ, ರಿಮೂವ್ ಸೋತಿತು. ಹಳೆಯ ಹೆಸರು ಖಾಲಿಯಾಗದ್ದರಿಂದ ರಿನೇಮೂ ಸೋತಿತು. ಪ್ರಿಂಟ್‌ಎಫ್ ಮಾತ್ರ ಏನೂ ಆಗಿಲ್ಲವೆಂಬಂತೆ ‘ಅಳಿಸಲಾಗಿದೆ’ ಎಂದಿತು. ಅದೇ ಪ್ರೋಗ್ರಾಂ ಲಿನಕ್ಸ್‌ನಲ್ಲಿ ಸಲೀಸಾಗಿ ಓಡಿತು. ಸಿ ಭಾಷೆಯ 1989ರ ಆನ್ಸಿ ಮಾನದಂಡವು ತೆರೆದ ಫೈಲಿನ ಗತಿಯನ್ನು ಆಯಾ ವ್ಯವಸ್ಥೆಗೇ ಬಿಟ್ಟಿದೆ.

ರಿಮೂವ್ ಎಂಬ ಹೆಸರೇ ದಾರಿ ತಪ್ಪಿಸುವಂಥದು. ಯೂನಿಕ್ಸ್‌ನಲ್ಲಿ 1971ರಿಂದಲೂ ಇರುವ ‘ಅನ್‌ಲಿಂಕ್’ ಹೆಚ್ಚು ಪ್ರಾಮಾಣಿಕ: ಅದು ಕತ್ತರಿಸುವುದು ಹೆಸರಿನ ಕೊಂಡಿಯನ್ನು. ಪಹಣಿಯಿಂದ ಒಬ್ಬರ ಹೆಸರು ತೆಗೆದರೆ ಗದ್ದೆ ಮಾಯವಾಗುವುದಿಲ್ಲ. ಜಂಟಿ ಖಾತೆಯಲ್ಲಿ ಇನ್ನೊಬ್ಬರಿದ್ದರೆ ಅವರ ಹೆಸರಲ್ಲಿ ನಡೆಯುತ್ತದೆ. ಫೈಲೂ ಹಾಗೇ. ಕೊನೆಯ ಹೆಸರೂ ಹೋಗಿ, ತೆರೆದುಕೊಂಡವರೆಲ್ಲ ಮುಚ್ಚಿದ ಮೇಲಷ್ಟೇ ಡಿಸ್ಕಿನ ಜಾಗ ಬಿಡುಗಡೆ. ಅಳಿಸಲು ಬೇಕಾದ ಅನುಮತಿಯೂ ಡೈರೆಕ್ಟರಿಯದು. ಅದು ಕೈಯಲ್ಲಿದ್ದರೆ, ಬರೆಯಲು ಬಿಡದ ಫೈಲನ್ನೂ ಸಾಮಾನ್ಯವಾಗಿ ಅಳಿಸಬಹುದು.

ಹಾಗೆಂದು ರಿಮೂವ್ ಬೇಡವೆನ್ನಲಾರೆ. ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ ಸಾಲಿಗೆ ಕೆಲಸ ನಡೆಯುವುದು ಸಣ್ಣ ಸಂಗತಿಯಲ್ಲ. ಆದರೆ ಅದು ಮಿತಭಾಷಿ: ಸೊನ್ನೆ ಬಂದರೆ ಪಾಸು, ಬೇರೇನು ಬಂದರೂ ಫೇಲು (ನಮ್ಮ ಪರೀಕ್ಷೆಗೆ ತದ್ವಿರುದ್ಧ). ಯಾಕೆ ಫೇಲು ಎಂಬುದನ್ನು ಎರ್‌ನೋ ಎಂಬ ದೋಷಸಂಕೇತದಲ್ಲಿ ಇಡಲೇಬೇಕೆಂದು ಸಿ ಮಾನದಂಡ ಹೇಳುವುದಿಲ್ಲ, ಯೂನಿಕ್ಸ್ ಬಗೆಯ ವ್ಯವಸ್ಥೆಗಳ ಮಾನದಂಡವಾದ ಪೋಸಿಕ್ಸ್ ಹೇಳುತ್ತದೆ. ಲಿನಕ್ಸ್‌ನಲ್ಲಂತೂ ಲ್ಯಾಬಿನ ಆ ಪ್ರೋಗ್ರಾಮಿಗೆ ರಿಮೂವ್ ಬೇಕೇ ಇಲ್ಲ. ರಿನೇಮ್ ತಾನೇ ಹಳೆಯದರ ಜಾಗದಲ್ಲಿ ಹೊಸದನ್ನು ಕೂರಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಯಾವ ಕ್ಷಣ ಹೋದೀತೆಂದು ತಿಳಿಯದ ನಮ್ಮೂರುಗಳಲ್ಲಿ, ಹಳೆಯದು ಹೋಗಿ ಹೊಸದು ಬಾರದ ಆ ನಡುಗಾಲ ತಪ್ಪುವುದೇ ಲಾಭ.

ಪ್ರಾಕ್ಟಿಕಲ್ ಪರೀಕ್ಷೆ ನಡೆಸುವ ಮಾಸ್ತರುಗಳಲ್ಲಿ ಒಂದು ವಿನಂತಿ. ವೈವಾದಲ್ಲಿ ಫಂಕ್ಷನ್ನಿನ ಹೆಸರು ಕೇಳಿದ್ದು ಸಾಕು. ಫೈಲು ತೆರೆದೇ ಇದ್ದಾಗ ರಿಮೂವ್ ಏನು ಹಿಂತಿರುಗಿಸಿತು, ನಿನ್ನ ಪ್ರೋಗ್ರಾಂ ಅದನ್ನು ನೋಡಿತೇ ಎಂದು ಕೇಳಿ.