ಕೊಳ್ಳೇಗಾಲದಲ್ಲೊಂದು ತಮಿಳು ಹಳ್ಳಿ

"ಹಳ್ಳಿ ಸಿನಿಮಾ ಅಂದ್ರೆ ತಮಿಳರೇ ಮಾಡ್ಬೇಕು ಬಿಡು ಗುರು." ಬೆಂಗಳೂರಿನ ಯಾವ ಆಫೀಸಿನ ಕ್ಯಾಂಟೀನಲ್ಲಿ ಕೂತರೂ ವರ್ಷಕ್ಕೆ ಎರಡು ಸಲವಾದರೂ ಈ ಮಾತು ಕಿವಿಗೆ ಬೀಳುತ್ತೆ. 'ಪರುತ್ತಿವೀರನ್' ನೋಡಿದವರು ಹೇಳಿದ್ರು, 'ಪರಿಯೇರುಂ ಪೆರುಮಾಳ್' ನೋಡಿದವರು ಹೇಳಿದ್ರು, 'ಕರ್ಣನ್' ನೋಡಿದವರೂ ಹೇಳಿದ್ರು. ಅದಕ್ಕೊಂದು ಸಿದ್ಧ ಕಾರಣವೂ ಇರುತ್ತೆ: ಅವರ ಮಣ್ಣೇ ಬೇರೆ. ಆ ನೆಲ, ಆ ಬಿಸಿಲು, ಆ ಮುಖಗಳು ನಮ್ಮಲ್ಲಿ ಎಲ್ಲಿ ಸಿಗ್ಬೇಕು?

ಮಣ್ಣಿನ ಮಾತು ಬಂದಾಗೆಲ್ಲ ನನಗೆ ನೆನಪಾಗೋದು 'ಪದಿನಾರು ವಯದಿನಿಲೆ'. ಹದಿನಾರರ ವಯಸ್ಸಿನಲ್ಲಿ ಅಂತ ಅರ್ಥ. ಭಾರತಿರಾಜಾ ಅವರ ಮೊದಲ ಸಿನಿಮಾ, 1977ರ ಸೆಪ್ಟೆಂಬರಿನಲ್ಲಿ ಬಂದದ್ದು. ಶ್ರೀದೇವಿ, ಕಮಲಹಾಸನ್, ರಜನಿಕಾಂತ್ ಮೂವರೂ ಇದ್ದಾರೆ. ತಮಿಳು ಚಿತ್ರರಂಗವನ್ನು ಮದರಾಸಿನ ಸ್ಟುಡಿಯೋಗಳಿಂದ ಎಬ್ಬಿಸಿ ಹೊಲಗದ್ದೆಗೆ ಕರೆದುಕೊಂಡು ಹೋದ ಸಿನಿಮಾ ಅಂತ ಎಲ್ಲರೂ ಒಪ್ಪುತ್ತಾರೆ. ಮೇಲೆ ಹೇಳಿದ ಸಿನಿಮಾಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ಇದರ ಮರಿಮಕ್ಕಳೇ.

ಆ ಅಪ್ಪಟ ತಮಿಳು ಹಳ್ಳಿಯನ್ನು ಹೆಚ್ಚಾಗಿ ಚಿತ್ರೀಕರಿಸಿದ್ದು ನಮ್ಮ ಮೈಸೂರು, ಕೊಳ್ಳೇಗಾಲದ ಸುತ್ತಮುತ್ತ! ಕೊಳ್ಳೇಗಾಲ 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು ಅನ್ನೋದು ನಿಜ. ಆದರೆ ಕ್ಯಾಮೆರಾ ಹೋಗುವ ಹೊತ್ತಿಗೆ ಅದು ಕರ್ನಾಟಕಕ್ಕೆ ಸೇರಿ ಎರಡು ದಶಕ ಕಳೆದಿತ್ತು. ಮಯಿಲ್ ಅನ್ನೋ ಆ ಹುಡುಗಿ ಓಡಾಡಿದ ಬಯಲು ನಾವು ಮಲೆಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವಂಥ ಬಯಲು. ಅಲ್ಲಿಗೆ 'ನಮ್ಮಲ್ಲಿ ಅಂಥ ಮಣ್ಣಿಲ್ಲ' ಅನ್ನೋ ವಾದ ಮುಗೀತು.

ಇನ್ನೂ ಒಂದಿದೆ. ಭಾರತಿರಾಜಾ ಸ್ವತಂತ್ರ ನಿರ್ದೇಶಕರಾಗುವ ಮೊದಲು ನಮ್ಮ ಪುಟ್ಟಣ್ಣ ಕಣಗಾಲ್ ಹತ್ತಿರ ಸಹಾಯಕರಾಗಿದ್ದವರು. 1972ರ 'ನಾಗರಹಾವು'ನಲ್ಲಿ ಚಿತ್ರದುರ್ಗದ ಕೋಟೆಯನ್ನೇ ಒಂದು ಪಾತ್ರ ಮಾಡಿದ್ದು ಪುಟ್ಟಣ್ಣ. 1970ರಲ್ಲಿ 'ಸಂಸ್ಕಾರ', 1974ರಲ್ಲಿ 'ಭೂತಯ್ಯನ ಮಗ ಅಯ್ಯು', 1975ರಲ್ಲಿ 'ಚೋಮನ ದುಡಿ' ಬಂದಾಗಿತ್ತು. ಅಂದ್ರೆ ಕ್ಯಾಮೆರಾವನ್ನು ಊರೊಳಗೆ ಒಯ್ಯುವ ವಿದ್ಯೆ ಕನ್ನಡಕ್ಕೆ ಹೊಸದೇನಾಗಿರಲಿಲ್ಲ. ಹಾಗಿದ್ದೂ ಆ ಕೀರ್ತಿ ತಮಿಳಿಗೇ ಯಾಕೆ ಅಂಟಿಕೊಳ್ತು? ಉತ್ತರ ಬೇಕಾದರೆ ಆ ಸಿನಿಮಾ ಹೇಗೆ ತಯಾರಾಯ್ತು ಅಂತ ನೋಡಬೇಕು.

ದುಡ್ಡಿಲ್ಲದೆ ತಯಾರಾಯ್ತು. ಮೊದಲು 'ಮಯಿಲ್' ಅನ್ನೋ ಹೆಸರಲ್ಲಿ, ಸರ್ಕಾರಿ ಸಂಸ್ಥೆಯ ಹಣದ ನೆರವಿನಿಂದ, ಕಪ್ಪು-ಬಿಳುಪಿನಲ್ಲಿ ಮಾಡೋ ಯೋಚನೆ ಇತ್ತು. ಅದು ಕೈಗೂಡಲಿಲ್ಲ. ಕೊನೆಗೆ ಎಸ್.ಎ. ರಾಜಕಣ್ಣು ಹಣ ಹಾಕಿದರು, ಸಿನಿಮಾ ಬಣ್ಣದಲ್ಲಾಯ್ತು. ಹಾಡೊಂದರಲ್ಲಿ ಶ್ರೀದೇವಿ ನಿಧಾನಗತಿಯಲ್ಲಿ ಓಡಿ ಬರುವ ದೃಶ್ಯ ಇದೆ. ಸ್ಲೋ ಮೋಷನ್ ತೆಗೆಯಬಲ್ಲ ಕ್ಯಾಮೆರಾ ತರಿಸೋಕೆ ದುಡ್ಡಿರಲಿಲ್ಲ, ಹಾಗಾಗಿ ಶ್ರೀದೇವಿಗೇ ನಿಧಾನವಾಗಿ ಓಡು ಅಂದರು! ಇದು ಗೊತ್ತಾದ ಮೇಲೆ ಆ ದೃಶ್ಯವನ್ನು ಇನ್ನೊಂದು ಸಲ ನೋಡಿ. ಆ ಹುಡುಗಿಯ ಮೈಮೇಲಿನ ಹಿಡಿತ ಬೆರಗು ಹುಟ್ಟಿಸುತ್ತೆ. ಮುಗಿದ ಸಿನಿಮಾವನ್ನು ಕೊಳ್ಳೋಕೆ ವಿತರಕರು ಮುಂದೆ ಬರಲಿಲ್ಲ, ರಾಜಕಣ್ಣು ತಾವೇ ಬಿಡುಗಡೆ ಮಾಡಿದರು.

ಇದೇ ಮೂವರು ನಟರು ಹಿಂದಿನ ವರ್ಷವಷ್ಟೇ ಕೆ. ಬಾಲಚಂದರ್ ಅವರ 'ಮೂನ್ರು ಮುಡಿಚ್ಚು'ನಲ್ಲಿ ಒಟ್ಟಿಗೆ ನಟಿಸಿದ್ದರು. ಇಲ್ಲಿ ಕಮಲ್ ಕೋವಣ ಕಟ್ಟಿ, ಕೂದಲು ಕೆದರಿಕೊಂಡು, ಕಾಲೆಳೆಯುತ್ತ ಬರ್ತಾರೆ. ಊರವರು ಅವನನ್ನು ಕರೆಯೋದೇ ಚಪ್ಪಾಣಿ, ಅಂದ್ರೆ ಕುಂಟ ಅಂತ.

ನೆಲ ಕೊಳ್ಳೇಗಾಲದ್ದು, ಸರಿ. ಹಾಗಾದರೆ ಆ ಊರು ತಮಿಳು ಊರಾದದ್ದು ಹೇಗೆ? ಕಣ್ಣು ಮುಚ್ಚಿ ಹತ್ತು ನಿಮಿಷ ಕೇಳಿ, ಗೊತ್ತಾಗುತ್ತೆ. ಭಾರತಿರಾಜಾ ತೇನಿ ಬಳಿಯ ಅಲ್ಲಿನಗರದವರು, ಸಂಗೀತ ಕೊಟ್ಟ ಇಳಯರಾಜಾ ಅದೇ ಸೀಮೆಯ ಪಣ್ಣೈಪುರದವರು. ಸಂಭಾಷಣೆ ಕಲೈಮಣಿ ಅವರದು. ಜಗುಲಿ ಮೇಲಿನ ಹರಟೆ, ತಾಯಿ ಕುರುವಮ್ಮಳ ಬೈಗುಳ, ಪರಟ್ಟೈ ಅನ್ನೋ ಪುಂಡನ ಪಟಾಲಮ್ಮಿನ ಕುಹಕ, ಯಾವುದರಲ್ಲೂ ಪುಸ್ತಕದ ತಮಿಳಿಲ್ಲ. ಎಸ್. ಜಾನಕಿ ಅವರಿಗೆ ಈ ಸಿನಿಮಾದ ಹಾಡಿಗೇ ರಾಷ್ಟ್ರಪ್ರಶಸ್ತಿ ಬಂತು. ನೆಲವನ್ನು ಎಲ್ಲಿಂದ ಬೇಕಾದರೂ ತರಬಹುದು, ಮಾತನ್ನು ಮಾತ್ರ ಊರಿಂದಲೇ ತರಬೇಕು. ಆ ಸಿನಿಮಾ ಮಾಡಿದ್ದು ಅದನ್ನೇ. ನಾವು ಬಹಳ ಸಲ ಮಾಡಿದ್ದು ಅದರ ಉಲ್ಟಾ: ಊರು ನಮ್ಮದೇ, ಮಾತು ಗಾಂಧಿನಗರದ್ದು.

ಹಾಗಂತ ಸಿನಿಮಾವನ್ನು ತಲೆ ಮೇಲೆ ಹೊತ್ತುಕೊಂಡು ಕುಣಿಯೋದೂ ಬೇಡ. ಮಯಿಲ್ ಓದಿದ ಹುಡುಗಿ, ಟೀಚರ್ ಆಗಬೇಕು ಅಂತ ಆಸೆ. ಊರಿಗೆ ಪೇಟೆಯಿಂದ ಒಬ್ಬ ದನದ ಡಾಕ್ಟರು ಬರ್ತಾನೆ. ಒಳ್ಳೆ ಬಟ್ಟೆ, ನಯವಾದ ಮಾತು. ಅವನಿಗೆ ಬೇಕಾದದ್ದು ಒಂದಿಷ್ಟು ದಿನದ ಖುಷಿ. ಅವಳು ಅದಕ್ಕೆ ಒಪ್ಪದಿದ್ದಾಗ ಹೊರಟುಹೋಗ್ತಾನೆ, ಬೇರೆ ಮದುವೆಯಾಗ್ತಾನೆ. ಊರಿನ ಬಾಯಿಗೆ ಸಿಕ್ಕಿ ತಾಯಿ ಸಾಯ್ತಾಳೆ. ಆಮೇಲೆ ಮಯಿಲ್ ಪಕ್ಕ ನಿಲ್ಲೋದು ಚಪ್ಪಾಣಿ ಒಬ್ಬನೇ. ನಿನ್ನ ಹೆಸರು ಗೋಪಾಲಕೃಷ್ಣ, ಚಪ್ಪಾಣಿ ಅಂದವರ ಕೆನ್ನೆಗೆ ಬಾರಿಸು ಅಂತ ಅವಳೇ ಅವನಿಗೆ ಹೇಳಿಕೊಡೋದು ನನ್ನ ಪ್ರಕಾರ ಇಡೀ ಸಿನಿಮಾದ ಎತ್ತರದ ಜಾಗ. ಆದರೆ ಕೊನೆಗೆ? ಪರಟ್ಟೈ ಅವಳ ಮೇಲೆ ಎರಗ್ತಾನೆ, ಚಪ್ಪಾಣಿ ಅವನನ್ನು ಕೊಂದು ಜೈಲಿಗೆ ಹೋಗ್ತಾನೆ, ಮಯಿಲ್ ರೈಲ್ವೆ ಸ್ಟೇಷನ್ನಿನಲ್ಲಿ ಅವನಿಗಾಗಿ ಕಾಯ್ತಾಳೆ. ಆ ಕಾಯುವಿಕೆಯನ್ನು ಎಲ್ಲರೂ ಹೊಗಳ್ತಾರೆ. ಟೀಚರ್ ಆಗಬೇಕಿದ್ದ ಹುಡುಗಿ ಏನಾದಳು ಅಂತ ಸಿನಿಮಾ ಆಮೇಲೆ ಕೇಳೋದೇ ಇಲ್ಲ. ಇನ್ನೊಬ್ಬನಿಗೆ ಅವನ ಹೆಸರನ್ನು ವಾಪಸ್ ಕೊಡಿಸಿದವಳು ತನ್ನ ಕನಸನ್ನು ವಾಪಸ್ ಪಡೆಯೋದಿಲ್ಲ.

ಆ ಡಾಕ್ಟರ ಪಾತ್ರ ನನ್ನನ್ನು ಇನ್ನೊಂದು ಕಾರಣಕ್ಕೂ ಕಾಡುತ್ತೆ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಶುಕ್ರವಾರ ರಾತ್ರಿ ಸಬ್‌ಟೈಟಲ್ ಹಾಕಿಕೊಂಡು, 'ಎಂಥ ಮಣ್ಣಿನ ವಾಸನೆ ಮಚ್ಚಾ' ಅನ್ನೋ ನಮಗೂ ಅವನಿಗೂ ನಂಟಿದೆ. ಹಳ್ಳಿಯಿಂದ ನಮಗೆ ಬೇಕಾದದ್ದು ಎರಡೂವರೆ ಗಂಟೆಯ ಖುಷಿ. ಆ ಹಳ್ಳಿಗೆ ನಮ್ಮಿಂದ ಏನು ಬೇಕು ಅನ್ನೋದು ಲೆಕ್ಕಕ್ಕೆ ಬರೋದಿಲ್ಲ.

ಕನ್ನಡದಲ್ಲಿ ಕಿವಿಯಿಂದ ಮಾಡಿದ ಹಳ್ಳಿ ಸಿನಿಮಾ ಇಲ್ವಾ? ಇದೆ. 'ತಿಥಿ'. ರಾಮ್ ರೆಡ್ಡಿ ನಿರ್ದೇಶನ. ಬರವಣಿಗೆಯಲ್ಲಿ ಜೊತೆಯಾದವರು ಈರೇಗೌಡ, ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು. ಸಿನಿಮಾ ತಯಾರಾದದ್ದೂ ಅದೇ ಊರಲ್ಲಿ, ಆ ಸೀಮೆಯ ಜನರನ್ನೇ ಇಟ್ಟುಕೊಂಡು, ವೃತ್ತಿನಟರಿಲ್ಲದೆ. ನೂರಾ ಒಂದು ವರ್ಷದ ಸೆಂಚುರಿ ಗೌಡ ಸತ್ತು, ಹನ್ನೊಂದನೇ ದಿನದ ತಿಥಿಯೊಳಗೆ ಜಮೀನು ಮಾರೋಕೆ ಮೊಮ್ಮಗ ತಮ್ಮಣ್ಣ ಒದ್ದಾಡೋ ಕಥೆ. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರ ವಿಭಾಗದ ಗೋಲ್ಡನ್ ಲೆಪರ್ಡ್ ಗೆದ್ದು ಬಂತು. ನಮ್ಮ ಥಿಯೇಟರುಗಳಲ್ಲಿ ಜನ ಬಿದ್ದು ಬಿದ್ದು ನಕ್ಕಿದ್ದು ಪ್ರಶಸ್ತಿಗಲ್ಲ, ಗಡ್ಡಪ್ಪನ ಮಾತಿಗೆ. ಬೇಕಾದರೆ ತಕರಾರು ತೆಗೆಯಬಹುದು: ಅದೂ ಗಂಡಸರ ಸಿನಿಮಾವೇ, ಹೆಂಗಸರು ಅಂಚಿನಲ್ಲೇ ಉಳೀತಾರೆ. ಆದರೆ ಅಲ್ಲಿ ಯಾರೂ ಹಳ್ಳಿಯವರ ಥರ ನಟಿಸೋದಿಲ್ಲ.

ಇದೆಲ್ಲ ನನಗ್ಯಾಕೆ ಇಷ್ಟು ಮುಖ್ಯ ಅಂದ್ರೆ, ನಮ್ಮೂರು ನ್ಯಾಮತಿ. 1997ರವರೆಗೆ ಶಿವಮೊಗ್ಗ ಜಿಲ್ಲೆ, ಆಮೇಲೆ ದಾವಣಗೆರೆ. ಬಹಳ ಕಾಲ ಹೊನ್ನಾಳಿ ತಾಲ್ಲೂಕಿನೊಳಗಿದ್ದು, ಈಚೆಗಷ್ಟೇ ಸ್ವಂತ ತಾಲ್ಲೂಕಾದ ಊರು. ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆ. ಅವ್ವನ ತವರು ಶಿಕಾರಿಪುರದ ಕಡೆ, ಅಪ್ಪಾಜಿಯ ನೆಂಟರೆಲ್ಲ ಜಗಳೂರು ಸೀಮೆ. ನಮ್ಮನೆಯಲ್ಲಿ ಒಂದೇ ಜಗಳ ಎರಡು ಕನ್ನಡದಲ್ಲಿ ನಡೆಯುತ್ತೆ. ಸೇವಾಲಾಲರ ಸೂರಗೊಂಡನಕೊಪ್ಪ ನಮ್ಮ ತಾಲ್ಲೂಕಿನಲ್ಲೇ ಇದೆ. ತಾಂಡಾದವರು ಬಸ್ಸಿನಲ್ಲಿ ಲಂಬಾಣಿ ಮಾತಾಡ್ತಾ ಬಂದು, ಮಂಡಕ್ಕಿ-ಮೆಣಸಿನಕಾಯಿ ಅಂಗಡಿ ಮುಂದೆ ಇಳಿದ ಕೂಡಲೇ ಕನ್ನಡಕ್ಕೆ ಹೊರಳ್ತಾರೆ. ರಸ್ತೆ ಮೇಲೆ ಮೆಕ್ಕೆಜೋಳ ಒಣಗ್ತಿರುತ್ತೆ, ಡ್ರೈವರಣ್ಣ ಬೈಕೊಳ್ತಾನೇ ಪಕ್ಕಕ್ಕೆ ತಗೊಳ್ತಾನೆ. ಈ ಯಾವ ಸದ್ದನ್ನೂ ನಾನು ಸಿನಿಮಾದಲ್ಲಿ ಕೇಳಿಲ್ಲ. ನಾನು ನೋಡಿದ ಸಿನಿಮಾಗಳಲ್ಲಿ ಹಳ್ಳಿಯವನು ಅಂದ್ರೆ ಮಂಡ್ಯದವನು, ಇಲ್ಲಾಂದ್ರೆ ನಗಿಸೋಕೆ ಬಂದ ಹುಬ್ಬಳ್ಳಿಯವನು. ನಡುವಿನವರು ಬಾಯಿ ಬಿಟ್ಟಿದ್ದೇ ಇಲ್ಲ.

ಬೆಂಗಳೂರಿಗೆ ಬಂದ ಆರೇ ತಿಂಗಳಿಗೆ ನಮ್ಮ ಕಡೆಯ ಹುಡುಗರು ಮಾತು ಬದಲಾಯಿಸಿಕೊಳ್ತಾರೆ. ಮೀಟಿಂಗಿನಲ್ಲಿ ಯಾರಾದರೂ ನಕ್ಕರೆ ಅನ್ನೋ ಭಯ. ಆ ಮಾತನ್ನು ಒಮ್ಮೆ ದೊಡ್ಡ ಪರದೆ ಮೇಲೆ, ನಗೆಚಾಟಿಕೆಗಲ್ಲದೆ, ಪ್ರೀತಿಗೋ ಸಿಟ್ಟಿಗೋ ಸಾವಿಗೋ ಬಳಸಿದ್ದನ್ನು ಕೇಳಿದ್ದರೆ ಆ ಭಯ ಅಷ್ಟು ಸುಲಭಕ್ಕೆ ಬರ್ತಿರಲಿಲ್ಲ ಅಂತ ನನ್ನ ನಂಬಿಕೆ. ತೇನಿ ಕಡೆಯ ಹುಡುಗರಿಗೆ 1977ರಲ್ಲಿ ಸಿಕ್ಕಿದ್ದು ಅದು.

ಹಾಗಾಗಿ ತಮಿಳರ ಮಣ್ಣಿನ ಬಗ್ಗೆ ಹೊಟ್ಟೆಕಿಚ್ಚು ಬೇಡ, ಅದರಲ್ಲಿ ಒಂದಿಷ್ಟು ನಮ್ಮದೇ. ಶಾರ್ಟ್ ಫಿಲ್ಮ್ ಮಾಡ್ಬೇಕು ಅಂತಿರೋ ಗೆಳೆಯರು ಲೊಕೇಷನ್ ಹುಡುಕೋಕೆ ಡ್ರೋನ್ ಬಾಡಿಗೆಗೆ ತಗೊಳ್ಳೋ ಮೊದಲು, ಮುಂದಿನ ಸಲ ಊರಿಗೆ ಹೋದಾಗ ಒಂದು ನೋಟ್‌ಬುಕ್ ಇಟ್ಟುಕೊಂಡು ಹೋಗಿ. ಬಸ್ ಸ್ಟ್ಯಾಂಡಿನ ಕಟ್ಟೆ ಮೇಲೆ ಅರ್ಧ ಗಂಟೆ ಕೂತು, ಕೇಳಿದ್ದನ್ನು ಕೇಳಿದ ಹಾಗೇ ಬರ್ಕೊಳ್ಳಿ. ಆ ಕೆಲಸಕ್ಕೆ ಕ್ಯಾಮೆರಾನೂ ಬೇಡ, ನಿರ್ಮಾಪಕನೂ ಬೇಡ.