ದರ್ಜಿಯ ಪತ್ರಿಕೆ, ಸಂಪಾದಕನ ಪತ್ರಿಕೆ

ಸ್ವೀಡನ್ನಿನ 'ಸೋಷಿಯಲ್-ಡೆಮೊಕ್ರಾಟೆನ್' ಪತ್ರಿಕೆಯ ಚರಿತ್ರೆಯನ್ನು ಸಾಮಾನ್ಯವಾಗಿ ಬೆಳವಣಿಗೆಯ ಕತೆಯಾಗಿ ಹೇಳುತ್ತಾರೆ: ಒರಟು ಮಾತಿನ ದರ್ಜಿ ಆಗಸ್ಟ್ ಪಾಮ್ ಅದನ್ನು ಹುಟ್ಟುಹಾಕಿದ, ಓದಿಕೊಂಡ ಯಲ್ಮಾರ್ ಬ್ರಾಂಟಿಂಗ್ ಅದಕ್ಕೆ ಪ್ರಬುದ್ಧತೆ ತಂದ. ಈ ಮಾತು ನನಗೆ ಅರ್ಧ ಮಾತ್ರ ಸರಿ ಅನ್ನಿಸುತ್ತದೆ.

ಪಾಮ್ ಜರ್ಮನಿ, ಡೆನ್ಮಾರ್ಕ್‌ಗಳಲ್ಲಿ ಹೊಲಿಗೆ ಕೆಲಸ ಮಾಡುತ್ತಲೇ ಸಮಾಜವಾದ ಕಲಿತವನು. 1881ರ ನವೆಂಬರ್‌ನಲ್ಲಿ ಮಾಲ್ಮೊ ನಗರದಲ್ಲಿ, ಸೋಷಿಯಲ್ ಡೆಮೊಕ್ರಾಟರಿಗೆ ಬೇಕಾದದ್ದೇನು ಎಂಬ ಬಗ್ಗೆ ಭಾಷಣ ಮಾಡಿದ. ಮರುವರ್ಷ ಅಲ್ಲೇ 'ಫೋಲ್ಕ್‌ವಿಲ್ಯಾನ್' ಪತ್ರಿಕೆ ತೆಗೆದ. ಹೆಸರಿನ ಅರ್ಥ 'ಜನರ ಇಚ್ಛೆ'. 1885ರ ಸೆಪ್ಟೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಿಂದ 'ಸೋಷಿಯಲ್-ಡೆಮೊಕ್ರಾಟೆನ್' ಹೊರಟಿತು. ಪಕ್ಷ ಸ್ಥಾಪನೆಯಾದದ್ದು 1889ರಲ್ಲಿ. ಎಂದರೆ ಪಕ್ಷ ಪತ್ರಿಕೆಯನ್ನು ಮಾಡಲಿಲ್ಲ. ಬಹುಪಾಲು ಕಾರ್ಮಿಕರಿಗೆ ಮತದ ಹಕ್ಕೇ ಇಲ್ಲದ ಆ ಕಾಲದಲ್ಲಿ, ಪತ್ರಿಕೆಯೇ ಮೊದಲು ಓದುಗರನ್ನು ಕೂಡಿಸಿತು.

ಸಭಾಂಗಣ ಸಿಗದಿದ್ದರೆ ಬಯಲಲ್ಲೇ ನಿಂತು ಮಾತಾಡುತ್ತಿದ್ದ ಪಾಮ್‌ಗೆ ಪತ್ರಿಕೆ ಆ ಮಾತಿನದೇ ಮುಂದುವರಿಕೆ. ಉಪ್ಸಾಲಾದಲ್ಲಿ ಗಣಿತ, ಖಗೋಳವಿಜ್ಞಾನ ಓದಿದ್ದ ಬ್ರಾಂಟಿಂಗ್ ಒಂದೆರಡು ವರ್ಷದಲ್ಲೇ ಸಂಪಾದಕನಾದ, ಪಾಮ್ ಬದಿಗೆ ಸರಿದ. ಕಾರ್ಮಿಕರ ಪತ್ರಿಕೆಯಲ್ಲಿ 'ನಾವು' ಎಂದು ಬರೆಯುವವನು ಕಾರ್ಮಿಕನೇ ಆಗಿರಬೇಕೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರಬುದ್ಧತೆಯ ಕತೆ ಹೇಳುವವರು ಅದನ್ನು ಕೇಳಿಕೊಳ್ಳುವುದೇ ಇಲ್ಲ.

ಆದರೆ ಬ್ರಾಂಟಿಂಗ್‌ನನ್ನು ಹೊರಗಿನವನೆಂದು ತಳ್ಳಿಹಾಕುವುದೂ ಅನ್ಯಾಯ. ಮಾಲ್ಮೊದಲ್ಲಿ 1887ರಿಂದ 'ಅರ್ಬೇಟೆಟ್' ಪತ್ರಿಕೆ ನಡೆಸುತ್ತಿದ್ದ ಆಕ್ಸೆಲ್ ಡೇನಿಯಲ್ಸನ್‌ನ ಲೇಖನವೊಂದನ್ನು ಬ್ರಾಂಟಿಂಗ್ ಮರುಮುದ್ರಿಸಿದ. ದೈವನಿಂದೆಯ ಆರೋಪ ಬಂತು. ಬರೆದದ್ದು ತಾನಲ್ಲದಿದ್ದರೂ ಲಾಂಗ್‌ಹೋಲ್ಮೆನ್ ಸೆರೆಮನೆಗೆ ಹೋದ. 'ನಾವು' ಎನ್ನುವ ಹಕ್ಕನ್ನು ಅವನು ಗಳಿಸಿಕೊಂಡದ್ದು ಪದವಿಯಿಂದಲ್ಲ, ಹೀಗೆ ಬೆಲೆ ತೆತ್ತು.

ಬ್ರಾಂಟಿಂಗ್ 1920ರಲ್ಲಿ ಪ್ರಧಾನಿಯಾದ, ಮರುವರ್ಷ ನೊಬೆಲ್ ಶಾಂತಿ ಪ್ರಶಸ್ತಿ ಹಂಚಿಕೊಂಡ. ಪತ್ರಿಕೆ 1944ರಲ್ಲಿ 'ಮೊರ್ಗೊನ್-ಟೀಡ್ನಿಂಗೆನ್' ಎಂದಾಯಿತು, ಅಂದರೆ ಬರೀ 'ಬೆಳಗಿನ ಪತ್ರಿಕೆ'. 1958ರಲ್ಲಿ ಅದು ನಿಂತಾಗ ದೇಶ ಆಳುತ್ತಿದ್ದದ್ದು ಅದೇ ಪಕ್ಷ. ಮತವಿಲ್ಲದವರ ನಡುವೆ ಬದುಕಿದ ಪತ್ರಿಕೆ, ಅವರ ಸರ್ಕಾರ ಬಂದ ಮೇಲೆ ಉಳಿಯಲಿಲ್ಲ. ಇದನ್ನು ಬೆಳವಣಿಗೆ ಎಂದಷ್ಟೇ ಕರೆಯಲು ನನಗೆ ಮನಸ್ಸು ಬರುವುದಿಲ್ಲ.